ಜಡ್ಡಾದ ಹಿಮನದಿಯನ್ನು ನೋಡಿಕೊಂಡು ಬಂದೆವು

ನವಲೂರು ದಾಟಿದ ಮೇಲೆ

ನಾನು ಚಿಕ್ಕವಳಿದ್ದಾಗ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವ ಬಸ್ಸಿನಲ್ಲಿ ಅಪ್ಪನೊಂದಿಗೆ ಒಂದು ಆಟ ಆಡುತ್ತಿದ್ದೆ. ಮಳೆಗಾಲದಲ್ಲಿ ಹುಬ್ಬಳ್ಳಿಯಲ್ಲಿ ಬಸ್ ಹತ್ತುವಾಗ ಬಿಸಿಲಿರುತ್ತಿತ್ತು. ಉಣಕಲ್ ಕೆರೆ ಬರುವಾಗ ಮೋಡ. ನವಲೂರು ದಾಟುವಷ್ಟರಲ್ಲಿ ಕಿಟಕಿಯ ಗಾಜಿಗೆ ಮೊದಲ ಹನಿ. ಆ ಹನಿಯನ್ನು ಮೊದಲು ಕಂಡವರು ಗೆದ್ದಂತೆ. ಅಪ್ಪ ಪ್ರತಿಸಲವೂ ಸೋಲುತ್ತಿದ್ದರು. ಬೇಕೆಂದೇ ಸೋಲುತ್ತಿದ್ದರೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಧಾರವಾಡದ ಜಿಟಿಜಿಟಿ ಮಳೆಗೆ ಅವಸರವೆಂಬುದೇ ಇರಲಿಲ್ಲ. ಒಮ್ಮೆ ಹಿಡಿದರೆ ವಾರಗಟ್ಟಲೆ ಹೆಂಚಿನ ಅಂಚಿನಿಂದ ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಬಟ್ಟೆ ಒಣಗುತ್ತಿರಲಿಲ್ಲ. ಅಮ್ಮ ಶೇಗಡಿಯಲ್ಲಿ ಇದ್ದಿಲು ಹೊತ್ತಿಸಿ, ಮೇಲೆ ಬಿದಿರಿನ ಬುಟ್ಟಿ ಬೋರಲಿಟ್ಟು, ನನ್ನ ಶಾಲೆಯ ಬಟ್ಟೆಗಳನ್ನು ಅದರ ಮೇಲೆ ಹರಡುತ್ತಿದ್ದಳು. ತರಗತಿಯಲ್ಲಿ ನಾವೆಲ್ಲ ಹೊಗೆಯ ವಾಸನೆಯ ಮಕ್ಕಳು. ನಮ್ಮ ಮಾಳಮಡ್ಡಿಯ ಮನೆಯಲ್ಲಿ ಆಗ ಫ್ಯಾನ್ ಇರಲಿಲ್ಲ. ಓಣಿಯಲ್ಲಿ ಯಾರಾದರೂ ಫ್ಯಾನ್ ಹಾಕಿಸಿದರೆ ‘ಹುಬ್ಬಳ್ಳಿ ಮಂದಿ ಆದರು’ ಎಂದು ನಗುತ್ತಿದ್ದರು. ಈಗ ನಮ್ಮಲ್ಲಿಯೂ ಕೋಣೆಗೊಂದು ಫ್ಯಾನ್ ಇದೆ. ಜುಲೈಯಲ್ಲೂ ತಿರುಗುತ್ತದೆ.

ನಾನು ಮನಃಶಾಸ್ತ್ರ ಓದಿ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಆಪ್ತ ಸಮಾಲೋಚಕಿಯಾಗಿದ್ದೇನೆ. ಪರೀಕ್ಷೆಯ ಹೆದರಿಕೆ, ಮನೆಯ ಜಗಳ, ಮುರಿದ ಪ್ರೀತಿ, ಇವು ನನ್ನ ನಿತ್ಯದ ಕೆಲಸ. ಈ ಬೇಸಿಗೆಯಲ್ಲಿ ಮೊದಲ ವರ್ಷದ ಹುಡುಗಿಯೊಬ್ಬಳು ಬಂದು, ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

“ಮೇಡಂ, ಈ ಬಿಸಲಿನ ಸುದ್ದಿ, ಮಳೀ ಸುದ್ದಿ ಓದಿದ್ರ ನಂಗ ನಿದ್ದೀನ ಬರೂದಿಲ್ರಿ. ನಾವು ಮುದುಕೇರಾಗೂತನಕಾ ಈ ಊರು ಇರತೈತೇನ್ರಿ?”

ಸಮಾಧಾನ ಹೇಳಲೆಂದು ಜಿಟಿಜಿಟಿ ಮಳೆಯ ನೆನಪು ತೆಗೆದೆ. ಹೀಗಿತ್ತು, ಹಾಗಿತ್ತು ಎಂದು ಹೇಳುತ್ತ ಹೋದೆ. ಅವಳು ಪೂರ್ತಿ ಕೇಳಿ, “ನೀವರೆ ನೋಡೀರಿ ಮೇಡಂ, ನಮಗ ಅದೂ ಇಲ್ಲ” ಅಂದಳು. ಅಳು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಆ ಮಾತು ನನ್ನೊಳಗೆ ಉಳಿದುಕೊಂಡಿತ್ತು. ಆದ್ದರಿಂದಲೇ ಆಸ್ಟ್ರಿಯಾದ ಬೆಟ್ಟದೂರಿನಲ್ಲಿ ಹವಾಮಾನದ ಚಿಂತೆ ಮತ್ತು ಎಳೆಯರ ಮನಸ್ಸಿನ ಬಗ್ಗೆ ಒಂದು ವಾರದ ಶಿಬಿರವಿದೆ, ಬನ್ನಿ ಎಂದು ಕರೆ ಬಂದಾಗ ಹೊರಟೆ. ಜೊತೆಗೆ ಶಿವಲೀಲಾ. ಹುಬ್ಬಳ್ಳಿ ಬಳಿಯ ಸುಳ್ಳ ಎಂಬ ಹಳ್ಳಿಯವಳು, ಕೃಷಿ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಭಾನುವಾರಗಳಂದು ಉಣಕಲ್ ಕೆರೆಯ ದಂಡೆಯಲ್ಲಿ ಪ್ಲಾಸ್ಟಿಕ್ ಆರಿಸುವ ನಮ್ಮ ಸಣ್ಣ ಗುಂಪಿನಲ್ಲಿ ಪರಿಚಯವಾದವಳು. ನನಗಿಂತ ಚಿಕ್ಕವಳು, ಆದರೆ ನಾನಾಡದ ಮಾತನ್ನೆಲ್ಲ ಅವಳೇ ಆಡಿಬಿಡುತ್ತಾಳೆ.

ರೊಟ್ಟಿಯ ವಿಚಾರಣೆ

ಜರ್ಮನಿಯ ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಶಿವಲೀಲಾಳ ಚೀಲ ತೆರೆಸಿದರು. ಬಿಳಿ ಪಂಚೆಯಲ್ಲಿ ಕಟ್ಟಿದ ಕಡಕ್ ರೊಟ್ಟಿಯ ಗಂಟು ಹೊರಬಂತು. ಅಧಿಕಾರಿ ಕೈಗವಸು ಹಾಕಿಕೊಂಡು ಒಂದನ್ನೆತ್ತಿ ಬೆಳಕಿಗೆ ಹಿಡಿದು ನೋಡಿದ. ಬೆರಳಿನಿಂದ ಬಡಿದ. ಅದು ಸಪ್ಪಳ ಮಾಡಿತು.

“ಇದೇನು?”

“ರೊಟ್ಟಿ” ಅಂದಳು ಶಿವಲೀಲಾ. ಅವನಿಗೆ ತಿಳಿಯಲಿಲ್ಲ. ನನ್ನತ್ತ ತಿರುಗಿ, “ಅಕ್ಕಾರ, ಜ್ವಾಳಕ್ಕ ಇಂಗ್ಲಿಷಿನ್ಯಾಗ ಹೇಳ್ರಿ ಲಗೂನ. ಇಂವ ಇದನ್ನ ಚಕ್ರ ಗಿಕ್ರ ಅನಕೊಂಡಾನ” ಅಂದಳು.

ನಾನು ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ. ಆಗ ಅವಳು ಅವನ ಕೈಯಲ್ಲಿದ್ದ ರೊಟ್ಟಿಯ ಅಂಚನ್ನೇ ಮುರಿದು ಬಾಯಿಗೆ ಹಾಕಿಕೊಂಡು ಕಟಕಟ ಅಗಿದು ತೋರಿಸಿದಳು. ಸಾಲಿನಲ್ಲಿದ್ದವರೆಲ್ಲ ನೋಡಿದರು. ನನಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. ಅಧಿಕಾರಿ ಮಾತ್ರ ಗಂಭೀರವಾಗಿ ತಲೆಯಾಡಿಸಿ ಪಂಚೆಯನ್ನು ನಮಗಿಂತ ನೀಟಾಗಿ ಕಟ್ಟಿಕೊಟ್ಟ.

“ಕಡ್ಲಿ ಹಿಟ್ಟಿನ ಡಬ್ಬಿ ತಗೀಲಿಲ್ಲ, ಪುಣ್ಯಾ” ಅಂದಳು ಹೊರಗೆ ಬಂದ ಮೇಲೆ. “ಝುಣಕದ ಹಿಟ್ಟು ಕಳಕೊಂಡಿದ್ರ ನಾ ಅಲ್ಲೇ ಅತ್ತಬಿಡ್ತಿದ್ದೆ.”

ತಣ್ಣನೆಯ ಒಲೆ

ರೈಲಿನಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್, ಅಲ್ಲಿಂದ ಬಸ್ಸು. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಸಣ್ಣ ಊರು. ಒಂದು ಮನೆಯ ವಿಷಯ ಹೇಳಿದರೆ ಯಾರದೆಂದು ಎಲ್ಲರಿಗೂ ತಿಳಿಯುತ್ತದೆ. ಆ ಮನೆಯವರ ಹೆಸರುಗಳನ್ನೂ ಬದಲಿಸಿದ್ದೇನೆ.

ಶಿಬಿರಕ್ಕೆ ಬಂದವರನ್ನು ಊರಿನ ಮನೆಗಳಲ್ಲಿ ಇಳಿಸಿದ್ದರು. ನಮ್ಮನ್ನು ಕರೆದೊಯ್ದವಳು ಮಾರ್ಗಿಟ್. ನಮ್ಮ ಅಮ್ಮನ ವಯಸ್ಸಿನ ಹೆಂಗಸು, ಕಪ್ಪು ಉಡುಪು, ಮೆಲುದನಿ. ಮರದ ಮನೆ. ಕಿಟಕಿಗಳಲ್ಲಿ ಕೆಂಪು ಹೂವಿನ ಕುಂಡಗಳು. ಮೇಲಂತಸ್ತಿನ ಒಂದು ಕಿಟಕಿಯ ಕದಗಳು ಮಾತ್ರ ಹಗಲಿನಲ್ಲೂ ಮುಚ್ಚಿದ್ದವು.

ಸಂಜೆ ಊಟಕ್ಕೆ ಕರೆದಳು. ಮೇಜಿನ ಮೇಲೆ ತಟ್ಟೆಗಳ ಬದಲು ನಾಲ್ಕು ಮರದ ಹಲಗೆಗಳು. ಕಂದು ಬಣ್ಣದ ಗಟ್ಟಿ ಬ್ರೆಡ್ಡು, ಚೀಸು, ಸೌತೆಕಾಯಿ. ಬಿಸಿಯಾದದ್ದು ಒಂದೂ ಇರಲಿಲ್ಲ. ಅಡುಗೆಮನೆಯ ಒಲೆ ಈಗಷ್ಟೇ ಅಂಗಡಿಯಿಂದ ತಂದಂತೆ ಹೊಳೆಯುತ್ತ ತಣ್ಣಗೆ ಕುಳಿತಿತ್ತು. ಮಾರ್ಗಿಟ್ ನಾಲ್ಕನೆಯ ಹಲಗೆಯ ಮೇಲೆ ಬ್ರೆಡ್ಡಿಟ್ಟು ಮಹಡಿಗೆ ಒಯ್ದು, ಮುಚ್ಚಿದ ಬಾಗಿಲ ಮುಂದೆ ಇಟ್ಟು ಬಂದಳು.

“ನನ್ನ ಮಗಳು ಲೇನಾ” ಅಂದಳು ಇಂಗ್ಲಿಷಿನಲ್ಲಿ. “ಅವಳು ಕೆಳಗೆ ಬರುವುದಿಲ್ಲ.”

ಗೋಡೆಯ ಮೂಲೆಯಲ್ಲಿ ಶಿಲುಬೆ. ಅದರ ಕೆಳಗೆ ಮೀಸೆಯ ಮುದುಕನೊಬ್ಬ ಮಂಜಿನ ಮೇಲೆ ಕೋಲೂರಿ ನಿಂತ ಫೋಟೋ. ಫೋಟೋದ ಮುಂದೆ ಕೆಂಪು ಗಾಜಿನಲ್ಲಿ ದೀಪ.

ಎರಡನೆಯ ಸಂಜೆಯೂ ಕಪ್ಪು ಉಡುಪು, ತಣ್ಣನೆಯ ಒಲೆ, ಮಹಡಿಯ ಬಾಗಿಲಿಗೆ ಬ್ರೆಡ್ಡು. ನಮ್ಮ ಕೋಣೆಗೆ ಬಂದೊಡನೆ ಶಿವಲೀಲಾ ಬಾಗಿಲು ಹಾಕಿದಳು.

“ಅಕ್ಕಾರ, ಈ ಮನ್ಯಾಗ ಯಾರೋ ತೀರಕೊಂಡಾರ್ರಿ.”

“ಸುಮ್ನಿರು. ನಿನಗ ಹೆಂಗ ಗೊತ್ತು?”

“ಕರೇ ಅರಿವಿ ಉಟ್ಟಾರ. ಫೋಟೋಕ ದೀಪ ಹಚ್ಚ್ಯಾರ. ಮಗಳು ಮೂಲಿ ಹಿಡದಾಳ. ಒಲಿ ಹಚ್ಚವಲ್ಲರು. ಇನ್ನೇನ ಬೇಕ್ರಿ ನಿಮಗ, ಪೇಪರಿನ್ಯಾಗ ಹಾಕಿಸಬೇಕೇನು?”

“ಕೇಳಿ ನೋಡೋಣಲ್ಲ?”

“ಏನಂತ ಕೇಳ್ತೀರಿ? ಯಾರ ಸತ್ತಾರ್ರಿ ಅಂತನಾ? ಹಂಗ ಕೇಳೂದ ಐತೇನ್ರಿ?”

ಇಲ್ಲ. ನಮ್ಮ ಕಡೆ ಹಾಗೆ ಕೇಳುವುದಿಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು, ಬೀಗರು ಅಡುಗೆ ಮಾಡಿಕೊಂಡು ಬುತ್ತಿ ತರುತ್ತಾರೆ. ತಂದದ್ದನ್ನು ಒಳಗಿಟ್ಟು, ಚಾಪೆಯ ಮೇಲೆ ಕುಳಿತು, ಮನೆಯವರು ತಾವಾಗಿ ಮಾತೆತ್ತುವ ತನಕ ಸುಮ್ಮನಿರುತ್ತಾರೆ. ನನ್ನ ಅಜ್ಜಿ ಹೋದಾಗ ಓಣಿಯ ಹೆಂಗಸರು ಹಾಗೆ ಬಂದು ಕುಳಿತದ್ದು ನೆನಪಾಯಿತು. ಯಾರ ಮಾತೂ ನೆನಪಿಲ್ಲ. ಅವರ ಸೀರೆಗಳ ತೇವದ ವಾಸನೆ ನೆನಪಿದೆ. ಹೊರಗೆ ಜಿಟಿಜಿಟಿ ಮಳೆಯಿತ್ತು.

ಪುರಾವೆಯಿಲ್ಲದೆ ನಿರ್ಧಾರಕ್ಕೆ ಬರಬಾರದೆಂದು ನನಗೆ ಓದಿಸಿದ್ದರು. ಆದರೂ ಶಿವಲೀಲಾಳ ಮಾತು ನನಗೆ ಸರಿಯೆನ್ನಿಸಿತು.

ಕೈಯಿಂದ ಕೈಗೆ ಕಲ್ಲು

ಶಿಬಿರ ನಡೆದದ್ದು ರಜೆಯಲ್ಲಿದ್ದ ಶಾಲೆಯ ಸಭಾಂಗಣದಲ್ಲಿ. ದುಂಡಗೆ ಕುರ್ಚಿಗಳು. ನಡೆಸಿಕೊಡುವವನು ತೆಳ್ಳನೆಯ ಗಡ್ಡದ ಯುವಕ. ಅವನು ಹಿಮನದಿಯ ಬುಡದಿಂದ ತಂದ ಬೂದುಬಣ್ಣದ ನುಣುಪುಕಲ್ಲೊಂದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ. ಕಲ್ಲು ಯಾರ ಕೈಯಲ್ಲಿದೆಯೋ ಅವರು ತಾವು ಕಳೆದುಕೊಂಡದ್ದನ್ನು ಹೇಳಬೇಕು. ಉಳಿದವರು ಕೇಳಬೇಕು.

ಜನ ಹೇಳಿದರು. ಕಾಡು ಸುಟ್ಟುಹೋದ ಊರಿನ ಹುಡುಗಿ ಮಾತಾಡುತ್ತ ಕಲ್ಲನ್ನು ಎದೆಗೆ ಒತ್ತಿಕೊಂಡಳು. ದ್ವೀಪದಿಂದ ಬಂದ ಹುಡುಗ ಅಜ್ಜಿಯ ಮನೆಯ ಅಂಗಳಕ್ಕೆ ಸಮುದ್ರ ಬಂದದ್ದನ್ನು ಹೇಳಿ, ಮಕ್ಕಳನ್ನು ಹೆರುವುದು ಸರಿಯೋ ತಪ್ಪೋ ಎಂದು ತಾನೂ ತನ್ನ ಗೆಳತಿಯೂ ಜಗಳಾಡುವುದನ್ನೂ ಹೇಳಿದ. ಅಪರಿಚಿತರ ಮುಂದೆ ಅಷ್ಟು ಬಿಚ್ಚಿಡುವುದು ನನ್ನಿಂದಾಗದ ಕೆಲಸ. ಅವರ ಬಗ್ಗೆ ಗೌರವ ಬಂತು. ನನ್ನ ಸರದಿ ಬಂದಾಗ ಕಲ್ಲನ್ನು ಪಕ್ಕಕ್ಕೆ ದಾಟಿಸಿದೆ. ಮರುದಿನವೂ ದಾಟಿಸಿದೆ. ‘ಧಾರವಾಡದ ಜಿಟಿಜಿಟಿ ಮಳೆ’ ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಕೇಳಿದವರು, ಮಳೆ ಕಡಿಮೆಯಾಯಿತೇ ಎಂದು ಕೇಳಬಹುದು. ಕಡಿಮೆಯಾದದ್ದು ಮಳೆಯ ಅಳತೆಯೊಂದೇ ಆಗಿರಲಿಲ್ಲ.

ಶಿವಲೀಲಾ ನನ್ನ ಪಾಲಿನದ್ದನ್ನೂ ಸೇರಿಸಿ ಮಾತಾಡಿದಳು. ಹೊರಗೆ ಬಂದ ಮೇಲೆ, “ಕಲ್ಲ ಹಿಡಕೊಂಡು ಅಳೂದು ನಮಗ ರೂಢಿ ಇಲ್ಲ ಬಿಡ್ರಿ. ನಮ್ಮ ಊರಾಗಾದ್ರ ಹಾಡಿಕೋತ ಅಳ್ತಾರ. ನಮ್ಮ ದೊಡ್ಡವ್ವ ಸುರು ಮಾಡಿದ್ಲಂದ್ರ ಕಲ್ಲ ಸೈತ ಅಳತೈತಿ” ಅಂದಳು.

ಕೊನೆಯ ದಿನ ಎಲ್ಲರೂ ಹಿಮನದಿಯ ಬಳಿಗೆ ನಡೆದು ಹೋಗುವುದೆಂದು ಗೊತ್ತಾಗಿತ್ತು. ಅಲ್ಲಿ ಲೇನಾ ಬಂದು ತಾನು ಬರೆದದ್ದನ್ನು ಓದಬೇಕೆಂದು ಎಲ್ಲರ ಆಸೆ. ಈ ಊರಿನ ಹುಡುಗ ಹುಡುಗಿಯರನ್ನು ಮೊದಲು ಒಟ್ಟುಗೂಡಿಸಿದವಳೇ ಅವಳಂತೆ. ಹವಾಮಾನ ಉಳಿಸಿರೆಂಬ ಫಲಕ ಹಿಡಿದು ಶಾಲೆಯ ಮುಂದೆ ಒಬ್ಬಳೇ ಕುಳಿತವಳು. ಈಗ ಮೈಗೆ ಹುಷಾರಿಲ್ಲ ಎಂದಷ್ಟೇ ಹೇಳಿದರು. ಗಡ್ಡದ ಯುವಕ ಒಮ್ಮೆ ಮನೆಗೇ ಬಂದು ಮಹಡಿಯ ಬಾಗಿಲಲ್ಲಿ ನಿಂತು ಮೆತ್ತಗೆ ಮಾತಾಡಿದ. ಬಾಗಿಲು ತೆರೆಯಲಿಲ್ಲ. ಅವನು ಹೋದ ಮೇಲೆ ಮಾರ್ಗಿಟ್ ಮೆಟ್ಟಿಲ ಮೇಲೆ ಕುಳಿತೇ ಇದ್ದಳು.

“ಓದುವುದು ಬೇಡ” ಅಂದಳು ನನಗೆ. “ಅವಳು ಒಮ್ಮೆ ಮನೆಯ ಹೊರಗೆ ಬಂದರೆ ಸಾಕು.”

ಬುತ್ತಿ

ಮೂರನೆಯ ಸಂಜೆ ನಾವು ಶಾಲೆಯ ಅಡುಗೆಮನೆ ಕೇಳಿಕೊಂಡೆವು. ಸಾವಿನ ಮನೆಯ ಒಲೆಯನ್ನು ನಾವೂ ಹಚ್ಚುವಂತಿರಲಿಲ್ಲ. ರೊಟ್ಟಿಗೆ ನೆಂಚಿಕೊಳ್ಳಲು ಶಿವಲೀಲಾ ಕಡಲೆಹಿಟ್ಟಿನ ಝುಣಕ ತಿರುವಿದಳು. ನಾನು ಅನ್ನ ಮತ್ತು ಸಾರು ಮಾಡಿದೆ. ಹುಣಸೆಹಣ್ಣಿರಲಿಲ್ಲ, ನಿಂಬೆಹಣ್ಣು ಹಿಂಡಿದೆ. ಉಳಿದ ರೊಟ್ಟಿಗಳಲ್ಲಿ ಮುರಿಯದವನ್ನು ಆರಿಸಿ, ಉಳಿದದ್ದನ್ನು ಡಬ್ಬಿಗಳಿಗೆ ತುಂಬಿ, ಎಲ್ಲವನ್ನೂ ಪಂಚೆಯಲ್ಲಿ ಕಟ್ಟಿಕೊಂಡು ಹೊರಟೆವು.

ಮಾರ್ಗಿಟ್ ಆಗಷ್ಟೇ ಕೆಲಸದಿಂದ ಬಂದಿದ್ದಳು. ನಾವು ಒಳಗೆ ಹೋಗಿ, ಮಾತಿಲ್ಲದೆ ಗಂಟನ್ನು ಮೇಜಿನ ಮೇಲಿಟ್ಟು, ಗೋಡೆಯ ಬೆಂಚಿನ ಮೇಲೆ ಕುಳಿತೆವು. ಶಿವಲೀಲಾ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ಕೆನ್ನೆಗೆ ಕೈ ಕೊಟ್ಟಳು. ಮಾರ್ಗಿಟ್ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಮೆಲ್ಲನೆ ಎದುರಿನ ಕುರ್ಚಿಯಲ್ಲಿ ಕುಳಿತಳು. ಹೊರಗೆ ಹಸುಗಳ ಕೊರಳ ಗಂಟೆ ಕೇಳುತ್ತಿತ್ತು. ಆ ದೇಶಕ್ಕೆ ಬಂದ ಮೇಲೆ ನನಗೆ ಮೊದಲ ಸಲ ಹಗುರವೆನಿಸಿತು. ಯಾರೂ ನನ್ನ ಕೈಗೆ ಕಲ್ಲು ಕೊಡುವವರಿರಲಿಲ್ಲ.

ಕೊನೆಗೆ ಮಾರ್ಗಿಟ್ ಮುಂದೆ ಬಾಗಿ ನನ್ನ ಕೈ ಹಿಡಿದಳು.

“ನಿಮ್ಮ ಮನೆಯಿಂದ ಏನಾದರೂ ಕೆಟ್ಟ ಸುದ್ದಿ ಬಂತೇ?”

“ನಮ್ಮ ಮನೆಯಿಂದ? ಇಲ್ಲ.” ನಾನು ತೊದಲಿದೆ. “ನಿಮ್ಮ ಮನೆಯಲ್ಲಿ…”

ಹೇಳಲೇಬೇಕಾಯಿತು. ಕಪ್ಪು ಉಡುಪು, ದೀಪ, ಒಲೆ, ಬುತ್ತಿ, ಎಲ್ಲವನ್ನೂ ಹೇಳಿದೆ. ಮಾರ್ಗಿಟ್ ಬಾಯಿಗೆ ಕೈ ಅಡ್ಡ ಹಿಡಿದಳು. ಅಳುತ್ತಾಳೆಂದುಕೊಂಡೆ. ಅವಳು ನಗುತ್ತಿದ್ದಳು. ಕಪ್ಪು ಉಡುಪು ಹೋಟೆಲಿನ ಸಮವಸ್ತ್ರ. ಅವಳು ಅಲ್ಲಿ ಊಟ ಬಡಿಸುತ್ತಾಳೆ. ಫೋಟೋದಲ್ಲಿದ್ದದ್ದು ಅವಳ ಅಜ್ಜ. ಜನರನ್ನು ಮಂಜಿನ ಮೇಲೆ ಕರೆದೊಯ್ಯುತ್ತಿದ್ದವರು, ಅವಳು ಹುಡುಗಿಯಾಗಿದ್ದಾಗಲೇ ತೀರಿಕೊಂಡವರು. ದೀಪ ದಿನಾಲೂ ಇರುತ್ತದೆ. ಸಂಜೆ ತಣ್ಣನೆಯದನ್ನು ತಿನ್ನುವುದು ಆ ಸೀಮೆಯವರೆಲ್ಲರ ಪದ್ಧತಿ.

“ದಿನಾಲೂ ಸಂಜೀಗೆ ಒಲಿ ಹಚ್ಚೂದ ಇಲ್ಲಂತೇನ್ರಿ?” ಶಿವಲೀಲಾಳಿಗೆ ಸಾವಿಗಿಂತ ಇದೇ ಆಘಾತವಾಯಿತು. “ಅಯ್ಯ, ಪಾಪ!”

ಮಾರ್ಗಿಟ್ ಮತ್ತೆ ನಕ್ಕಳು. ಕಣ್ಣೊರೆಸಿಕೊಂಡು ನಕ್ಕಳು. ಅಷ್ಟರಲ್ಲಿ ಮಹಡಿಯ ಬಾಗಿಲು ಸದ್ದಾಯಿತು. ಮೆಟ್ಟಿಲ ಮೇಲೆ ಉದ್ದನೆಯ ಹುಡುಗಿ ನಿಂತಿದ್ದಳು, ಉಣ್ಣೆಯ ಕಾಲುಚೀಲ, ಬಾಚದ ಕೂದಲು. ತಾಯಿಯ ನಗು ಅವಳಿಗೆ ಹೆದರಿಕೆ ತಂದಂತಿತ್ತು. ಏನಾಯಿತೆಂದು ಕೇಳಿದಳು. ಮಾರ್ಗಿಟ್ ತಮ್ಮ ಭಾಷೆಯಲ್ಲಿ ಹೇಳಿದಳು. ಲೇನಾ ನಮ್ಮ ಗಂಟಿನತ್ತ ನೋಡಿದಳು.

ಶಿವಲೀಲಾ ನಾಲ್ಕನೆಯ ಕುರ್ಚಿ ಹಿಂದಕ್ಕೆಳೆದು, ಸುಳ್ಳದಲ್ಲಿ ಯಾರನ್ನಾದರೂ ಕರೆಯುವಂತೆ ಕರೆದಳು. “ಬಾರವಾ, ಕೂಡ್ರು. ಆರಿ ಹೋಗತೈತಿ.”

ಹುಡುಗಿ ಬಂದು ಕುಳಿತಳು. ಮಾರ್ಗಿಟ್ ಒಂದು ಹಲಗೆಯನ್ನು ಮೆಲ್ಲನೆ ಅವಳ ಮುಂದಕ್ಕೆ ಸರಿಸಿದಳು. ಯಾರೂ ಏನೂ ಕೇಳಲಿಲ್ಲ. ಝುಣಕದ ಖಾರಕ್ಕೆ ಲೇನಾಳ ಮೂಗು ಕೆಂಪಾಯಿತು. ನೀರು ಕುಡಿದಳು, ಮತ್ತೆ ತುತ್ತು ತೆಗೆದುಕೊಂಡಳು. ಅರ್ಧ ರೊಟ್ಟಿ ಮುಗಿದ ಮೇಲೆ, ಮೇಜನ್ನು ನೋಡುತ್ತ, ಇಂಗ್ಲಿಷಿನಲ್ಲಿ ಹೇಳಿದಳು.

“ನೀವು ಪೂರ್ತಿ ತಪ್ಪು ತಿಳಿದಿಲ್ಲ. ಹೋದ ವರ್ಷ ನಾವು ಹಿಮನದಿಗೆ ಅಂತ್ಯಕ್ರಿಯೆ ಮಾಡಿದೆವು. ನನ್ನದೇ ಯೋಚನೆ. ಎಲ್ಲರೂ ಕಪ್ಪು ಬಟ್ಟೆ ಹಾಕಿಕೊಂಡು ಮೇಲೆ ಹೋದೆವು. ನಾನು ಬೀಳ್ಕೊಡುವ ಮಾತು ಓದಿದೆ. ಫೋಟೋ ತೆಗೆಯುವವರು ಬಂದಿದ್ದರು. ಓದುವಾಗ ಕೆಳಗೆ ನೀರು ಹರಿಯುವ ಸದ್ದು ಕೇಳುತ್ತಿತ್ತು. ಅದು ಇನ್ನೂ ಅಲ್ಲೇ ಇತ್ತು. ಅದರ ಮುಂದೆ ನಿಂತು ನೀನು ಸತ್ತೆ ಎಂದು ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.” ರೊಟ್ಟಿಯ ಅಂಚು ಮುರಿದಳು. “ಅದು ಕಾಣಬಾರದೆಂದು ನನ್ನ ಕಿಟಕಿ ಮುಚ್ಚಿದ್ದೇನೆ.”

ನಾನು ಅದನ್ನು ಕನ್ನಡದಲ್ಲಿ ಹೇಳುವ ಮೊದಲೇ ಶಿವಲೀಲಾಳಿಗೆ ತಿಳಿದಿತ್ತು.

“ಅಯ್ಯ ಶಿವನ! ಬದುಕಿದ್ದವರ ತಿಥಿ ಮಾಡಿಬಿಟ್ಟಾರಲ್ರಿ!” ಆಮೇಲೆ ಲೇನಾಳ ಹಲಗೆಗೆ ಇನ್ನೊಂದು ರೊಟ್ಟಿ ಹಾಕಿದಳು. “ಸತ್ತಿಲ್ಲಂದ್ರ ಜಡ್ಡಾಗೇತಿ. ಜಡ್ಡಾದವರನ್ನ ನೋಡಾಕ ಹೋಗಬೇಕಲ್ಲ? ಅಕ್ಕಾರ, ಹೇಳ್ರಿ ಆಕಿಗೆ.”

ಹೇಳಿದೆ. ನಮ್ಮ ಕಡೆ ಯಾರಿಗಾದರೂ ಜಡ್ಡಾದರೆ, ಅಂದರೆ ಕಾಯಿಲೆಯಾದರೆ, ಜನ ನೋಡಿಕೊಂಡು ಬರಲು ಹೋಗುತ್ತಾರೆ ಎಂದೆ.

“ಗುಣವಾಗದ ಕಾಯಿಲೆಯಾದರೆ?” ಕೇಳಿದಳು ಲೇನಾ.

“ಅವಾಗಂತೂ ಹೋಗಾಕ ಬೇಕು” ಅಂದಳು ಶಿವಲೀಲಾ.

“ಹೋಗಿ ಏನು ಮಾಡುತ್ತಾರೆ?”

ಶಿವಲೀಲಾ ಬೆರಳು ಮಡಚಿದಳು. “ಏನಿಲ್ಲ. ಬಿಸ್ಕೀಟ್ ಪಾಕೀಟು, ಎರಡು ಮೋಸಂಬಿ ಒಯ್ಯೂದು. ಮಗ್ಗಲಕ ಕೂಡ್ರೂದು. ಹೆಂಗದೀರಿ ಅನ್ನೂದು. ಚಾ ಕುಡದು ಎದ್ದ ಬರೂದು. ಮತ್ತ ನೋಡ್ರಿ, ಅವರ ಮುಂದ ಅಳಬಾರದು.”

ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿ ನಾನೂ ಒಂದು ಮಾತು ಸೇರಿಸಿದೆ. ನಮ್ಮಲ್ಲಿ ಯಾರ ಮನೆಯಿಂದ ಏಳುವಾಗಲೂ ‘ಬರ್ತೇನಿ’ ಅನ್ನುತ್ತೇವೆ, ಮತ್ತೆ ಬರುತ್ತೇನೆ ಎಂದು. ಸಾವಿನ ಮನೆಯಿಂದ ಏಳುವಾಗ ಮಾತ್ರ ಹಾಗೆ ಅನ್ನುವಂತಿಲ್ಲ. ಸುಮ್ಮನೆ ಎದ್ದು ಬರಬೇಕು. ಜಡ್ಡಾದವರಿಗೆ ಅನ್ನಲೇಬೇಕು.

ಲೇನಾ ಆ ಮಾತನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ತಟ್ಟನೆ ಎದ್ದು, ರೊಟ್ಟಿಯ ತುಂಡು ಕೈಯಲ್ಲಿ ಹಿಡಿದುಕೊಂಡೇ ಮಹಡಿಗೆ ಹೋದಳು. ಬಾಗಿಲು ಮುಚ್ಚಿತು. ಉಳಿದ ದಿನಗಳಲ್ಲಿ ಒಮ್ಮೆ ಕೆಳಗೆ ಬಂದಳು, ಒಮ್ಮೆ ಬರಲಿಲ್ಲ.

ಮೇಲೆ

ಕೊನೆಯ ದಿನ ಬೆಳಿಗ್ಗೆ ಶಾಲೆಯ ಮುಂದೆ ಎಲ್ಲರೂ ಸೇರಿದರು. ಗಡ್ಡದ ಯುವಕನ ಕೈಯಲ್ಲಿ ಹೋದ ವರ್ಷ ಲೇನಾ ಓದಿದ್ದ ಮಾತಿನ ಹಾಳೆಯಿತ್ತು. ಲೇನಾ ಬರಲಿಲ್ಲ. ಕಾದು ಕಾದು ಗುಂಪು ಹೊರಟಿತು.

ಅರ್ಧ ದಾರಿಯಲ್ಲಿ ಶಿವಲೀಲಾಳ ಬಲಗಾಲಿನ ಬೂಟಿನ ತಳ ಕಿತ್ತುಬಂತು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕೊಂಡದ್ದು. ‘ಹಿಮಾಲಯಕ್ಕ ಹೋದ್ರೂ ಏನೂ ಆಗೂದಿಲ್ರಿ ಅಕ್ಕಾರ’ ಎಂದು ಅಂಗಡಿಯವನು ಕೊಟ್ಟ ಬೂಟು. ಉಳಿದವರು ಮುಂದೆ ಹೋದರು. ನಾವು ಬಂಡೆಯ ಮೇಲೆ ಕುಳಿತು ಅದಕ್ಕೆ ಏನು ಕಟ್ಟುವುದೆಂದು ಯೋಚಿಸುತ್ತಿದ್ದಾಗ ಕೆಳಗಿನ ತಿರುವಿನಲ್ಲಿ ಲೇನಾ ಕಂಡಳು. ಒಬ್ಬಳೇ. ಕೈಯಲ್ಲಿ ಬಟ್ಟೆಯ ಚೀಲ. ಬಳಿಗೆ ಬಂದು, ಬೂಟನ್ನು ನೋಡಿ, ಜೇಬಿನಿಂದ ಹಗ್ಗದ ತುಂಡು ತೆಗೆದು, ತಳವನ್ನು ಬಿಗಿಯಾಗಿ ಕಟ್ಟಿದಳು. ಚೀಲದಲ್ಲಿ ಕಿತ್ತಳೆ ಹಣ್ಣುಗಳಿದ್ದವು.

“ಮೋಸಂಬಿ ಸಿಗಲಿಲ್ಲ” ಅಂದಳು.

ಶಿವಲೀಲಾ ತನ್ನ ಚೀಲದಿಂದ ಊರಿನಿಂದ ತಂದ ಗ್ಲುಕೋಸ್ ಬಿಸ್ಕೀಟಿನ ಪೊಟ್ಟಣ ತೆಗೆದು ತೋರಿಸಿದಳು. ಜಡ್ಡಾದವರನ್ನೇ ನೋಡಲು ಹೊರಟಿದ್ದೇವೆಂದು ಅವಳೂ ಒಳಗೊಳಗೆ ನಂಬಿಕೊಂಡೇ ಬಂದಿದ್ದಳು.

ಚಿತ್ರಗಳಲ್ಲಿ ಕಂಡ ಬೆಳ್ಳನೆಯ ಹಿಮನದಿ ಅಲ್ಲಿರಲಿಲ್ಲ. ಬೂದಿ ಮೆತ್ತಿದಂತೆ ಬೂದುಬಣ್ಣ, ಮೇಲೆಲ್ಲ ಕಲ್ಲುಪುಡಿ. ಇಳಿಜಾರಿನ ಒಂದು ಭಾಗಕ್ಕೆ ಬಿಸಿಲು ತಾಗದಿರಲೆಂದು ದೊಡ್ಡ ಬಿಳಿ ಹೊದಿಕೆಗಳನ್ನು ಹಾಸಿದ್ದರು.

“ಕೌದಿ ಹೊಚ್ಚ್ಯಾರ” ಅಂದಳು ಶಿವಲೀಲಾ. ಈ ಸಲ ಅವಳ ದನಿಯಲ್ಲಿ ತಮಾಷೆಯಿರಲಿಲ್ಲ.

ಹತ್ತಿರ ಹೋದಾಗ ಆ ಸದ್ದು ಕೇಳಿತು. ಹೊದಿಕೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದೇ ಸಮನೆ, ಅವಸರವಿಲ್ಲದೆ, ಹತ್ತಾರು ಕಡೆಯಿಂದ. ನಾನು ಕಣ್ಣು ಮುಚ್ಚಿದೆ. ಮಾಳಮಡ್ಡಿಯ ಮನೆ. ಹೆಂಚಿನ ಅಂಚು, ಕೆಳಗೆ ಸಾಲಾಗಿ ಇಟ್ಟ ತಾಮ್ರದ ಕೊಡಗಳು, ಶೇಗಡಿಯ ಹೊಗೆ, ಅಮ್ಮ ನನ್ನ ಬಟ್ಟೆಯನ್ನು ಮಗುಚಿ ಹಾಕುವುದು. ಎಷ್ಟೋ ವರ್ಷಗಳಿಂದ ಅಷ್ಟು ದೀರ್ಘವಾಗಿ ನಾನು ಆ ಸದ್ದು ಕೇಳಿರಲಿಲ್ಲ. ಮೈಯೆಲ್ಲ ತಂಪಾಯಿತು. ಕಣ್ಣು ತೆರೆದಾಗ ಲೇನಾಳ ಮುಖ ಕಂಡಿತು. ನನಗೆ ಮನೆಯಾಗಿದ್ದ ಸದ್ದು ಅವಳಿಗೆ ರೋಗಿಯ ಉಸಿರಾಗಿತ್ತು. ನನಗೆ ನಾಚಿಕೆಯಾಯಿತು. ಆದರೂ ಸ್ವಲ್ಪ ಹೊತ್ತು ಕೇಳುತ್ತಲೇ ನಿಂತೆ.

ಗಡ್ಡದ ಯುವಕ ಬಂದು ಹಾಳೆಯನ್ನು ಚಾಚಿದ. ಲೇನಾ ತಲೆಯಾಡಿಸಿ ಬೇಡವೆಂದಳು. ಮಂಜಿನ ಮಗ್ಗುಲಿಗೆ ಹೋಗಿ ಬಂಡೆಯೊಂದರ ಮೇಲೆ ಕುಳಿತಳು. ನಾವೂ ಕುಳಿತೆವು. ಗುಂಪು ದೂರದಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತಿತು. ಆಮೇಲೆ ಒಬ್ಬೊಬ್ಬರಾಗಿ ಅಲ್ಲಲ್ಲೇ ಕುಳಿತರು. ಲೇನಾ ಮಂಜಿನ ಮೇಲೆ ಅಂಗೈಯಿಟ್ಟು ತನ್ನ ಭಾಷೆಯಲ್ಲಿ ಏನೋ ಸಣ್ಣದಾಗಿ ಕೇಳಿದಳು. ಹೇಗಿದ್ದೀಯಾ ಎಂದಿರಬೇಕು.

ಕಿತ್ತಳೆ ಸುಲಿದೆವು. ಬಿಸ್ಕೀಟು ಹಂಚಿದೆವು.

“ಎಲ್ಲಾ ನಾವ ತಿಂದಬಿಟ್ವಲ್ರಿ” ಅಂದಳು ಶಿವಲೀಲಾ. “ಇರಲಿ, ನಮ್ಮಲ್ಲೂ ಹಂಗ. ಜಡ್ಡಾದವರು ಏನ ತಿಂತಾರ? ನೋಡಾಕ ಹೋದವರ ತಿಂದ ಬರ್ತಾರ.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಲೇನಾ ನಕ್ಕಳು. ಶಬ್ದವಿಲ್ಲದ ನಗು, ಆದರೆ ನಗು. ಸಿಪ್ಪೆಗಳನ್ನು ಒಂದೂ ಬಿಡದೆ ಆರಿಸಿ ಚೀಲಕ್ಕೆ ಹಾಕಿಕೊಂಡಳು. ಎದ್ದು ನಿಂತಳು. ನಾವು ಇಳಿಯತೊಡಗಿದಾಗ ಅವಳು ಹಿಂದುಳಿದಳು. ತಿರುಗಿ ನೋಡಿದೆ. ಅವಳು ಹಿಮನದಿಯ ಕಡೆಗೆ ಮುಖ ಮಾಡಿ, ಒತ್ತಕ್ಷರವನ್ನು ಒಡೆದು, ಕಷ್ಟಪಟ್ಟು ಹೇಳಿದಳು.

“ಬರತೇನಿ.”

ನೀರು ತೊಟ್ಟಿಕ್ಕುತ್ತಿತ್ತು.

“ಅಕ್ಕಾರ,” ಶಿವಲೀಲಾ ಪಿಸುಗುಟ್ಟಿದಳು, “ಬರ್ತೇನಿ ಅಂದ್ರ ಮನಿಯವರು ಬಾ ಅನಬೇಕಲ್ರಿ. ಇಲ್ಲಿ ಅನ್ನಾವರ ಯಾರದಾರ?”

ನಾನೇ ‘ಬಾ’ ಅನ್ನಬೇಕೆಂದುಕೊಂಡೆ. ಅನ್ನದೆಯೇ ಇಳಿಜಾರಿನತ್ತ ಹೆಜ್ಜೆ ಹಾಕಿದೆ.

ಮತ್ತೆ ನವಲೂರು

ಲೇನಾ ಗುಣವಾದಳೆಂದು ಬರೆಯಲಾರೆ. ಮನಸ್ಸಿನ ವಿಷಯದಲ್ಲಿ ಹಾಗೆ ಬರೆಯಬಾರದೆಂಬುದು ನನಗೆ ಗೊತ್ತು. ಅವಳು ಎರಡು ಸಲ ಹಿಮನದಿಯ ಬಳಿಗೆ ಹೋಗಿ ಬಂದಳೆಂದು, ಕಿಟಕಿಯ ಒಂದು ಕದ ತೆರೆದಿರುತ್ತದೆಂದು ಮಾರ್ಗಿಟ್ ತಿಳಿಸಿದ್ದಾಳೆ. ನಾವು ಬಿಟ್ಟುಬಂದ ಕಡಲೆಹಿಟ್ಟಿನಿಂದ ಒಂದು ಸಂಜೆ ಒಲೆ ಹಚ್ಚಿ ಏನೋ ಮಾಡಿದರಂತೆ. ಗಂಟು ಗಂಟಾಯಿತಂತೆ.

ನಾವು ಮರಳಿದಾಗ ಶ್ರಾವಣ ಹಿಡಿದಿತ್ತು. ಶಿವಲೀಲಾ ಸುಳ್ಳದಿಂದ ಫೋನ್ ಮಾಡಿ, “ಪುಷ್ಯಾ ಮಳಿ ಸೈತ ಕೈಕೊಟ್ಟೈತ್ರಿ” ಅಂದಳು. ಒಂದು ಸಂಜೆ ಹುಬ್ಬಳ್ಳಿಯಲ್ಲಿ ಧಾರವಾಡದ ಬಸ್ ಹತ್ತಿದೆ. ಬಿಸಿಲಿತ್ತು. ನನ್ನ ಪಕ್ಕದಲ್ಲಿ ಬಂದು ಕುಳಿತವಳು ಆ ಮೊದಲ ವರ್ಷದ ಹುಡುಗಿ. ಪ್ರವಾಸದ ಬಗ್ಗೆ ಕೇಳಿದಳು. ನಾನು ರೊಟ್ಟಿಯ ಕತೆ ಹೇಳಿದೆ, ನಕ್ಕಳು. ಉಣಕಲ್ ಕೆರೆಯ ಮೇಲೆ ಮೋಡವಿತ್ತು. ಅವಳಿಗೆ ಅಪ್ಪನ ಆಟವನ್ನು ಹೇಳಿಕೊಟ್ಟೆ. ಅವಳು ಚೀಲ ಮಡಿಲಿಗೆಳೆದುಕೊಂಡು, ನನ್ನ ಮೇಲಿಂದ ಬಾಗಿ, ಗಾಜಿಗೆ ಕಣ್ಣು ನೆಟ್ಟಳು.

ನವಲೂರು ದಾಟಿದೊಡನೆ ಗಾಜಿನ ಮೇಲಿನ ಮೂಲೆಯಲ್ಲಿ ಒಂದು ಹನಿ ಬಿತ್ತು. ನನಗೆ ಕಂಡಿತು. ಸುಮ್ಮನಿದ್ದೆ.

“ಮೇಡಂ! ಹನಿ!” ಹುಡುಗಿ ಕೂಗಿದಳು. ಮುಂದಿನ ಸೀಟಿನವರು ತಿರುಗಿ ನೋಡಿದರು. “ನಾನ ಮದ್ಲ ನೋಡಿದ್ದು! ನೀವು ಸೋತ್ರಿ!”

“ಸೋತೆ” ಅಂದೆ.

ಗಾಜು ತುಂಬ ಸಣ್ಣ ಹನಿಗಳು. ಅದೇ ಜಿಟಿಜಿಟಿ. ಅವಳು ಕಿಟಕಿ ಸರಿಸಿ ಕೈ ಹೊರಗೆ ಹಾಕಿದಳು. ಧಾರವಾಡದ ಟೋಲ್ ನಾಕಾ ಬರುವಷ್ಟರಲ್ಲಿ ನಿಂತುಹೋಯಿತು.

“ಇಷ್ಟ ಏನ್ರಿ?” ಒದ್ದೆ ಅಂಗೈ ನೋಡಿಕೊಳ್ಳುತ್ತ ಕೇಳಿದಳು. “ಹೋತಲ್ರಿ ಮೇಡಂ.”

ಮೊದಲು ಹೀಗಿರಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಆಡಲಿಲ್ಲ. ತೆರೆದ ಕಿಟಕಿಯ ಕಡೆಗೆ ತಿರುಗಿ, ಹೊರಟುಹೋದ ಮಳೆಗೆ, ಅವಳಿಗೂ ಕೇಳುವಷ್ಟು ಗಟ್ಟಿಯಾಗಿ, “ಬಾ” ಅಂದೆ.